ಹಂದಿಯಿಲ್ಲದ ಪಂದಿ ಕರಿ: ಸಸ್ಯಾಹಾರಿ ನೆಂಟರಿಗೆ ಮಾಡುವುದು ಹೇಗೆ?

ನಮ್ಮ ಕೊಡಗಿನಲ್ಲಿ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮಗನ ಸ್ನೇಹಿತ ಬೆಂಗಳೂರಿಂದ ಹಬ್ಬಕ್ಕೆ ಬರ್ತಾನೆ, ಮಾಂಸ ಮುಟ್ಟಲ್ಲ. ಎಲ್ಲರೂ ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ), ಪಂದಿ ಕರಿ (ಹಂದಿ ಮಾಂಸದ ಕರಿ) ತಿನ್ನುವಾಗ ಅವನಿಗೆ ಏನು ಬಡಿಸಲಿ?" ಸುಗ್ಗಿ ಹಬ್ಬ ಹುತ್ತರಿಗೂ ಇದೇ ಪ್ರಶ್ನೆ. ಮಗಳು ಮದುವೆಯಾಗಿ ಬೇರೆ ಕಡೆಯ ಅಳಿಯ ಬಂದ ಮನೆಗಳಲ್ಲಂತೂ ವರ್ಷವಿಡೀ ಇದೇ ಪ್ರಶ್ನೆ.

ಅನ್ನ, ತಿಳಿಸಾರು, ಹಪ್ಪಳ ಕೊಟ್ಟರಾಯ್ತು ಅನ್ನುವವರಿದ್ದಾರೆ. ಹೊಟ್ಟೆ ತುಂಬುತ್ತದೆ, ನಿಜ. ಆದರೆ ಮನೆ ತುಂಬ ಹುರಿದ ಮಸಾಲೆ ಘಮಘಮ ಅನ್ನುವಾಗ ಒಬ್ಬರ ಎಲೆಯಲ್ಲಿ ಮಾತ್ರ ತಿಳಿಸಾರು ಹಾಕುವುದು ನನಗೆ ಸರಿ ಕಾಣುವುದಿಲ್ಲ. ನಮ್ಮಲ್ಲಿ ತರಕಾರಿ ಅಡುಗೆಗೆ ಬರವೇನೂ ಇಲ್ಲ. ಬೈಂಬಳೆ (ಎಳೆ ಬಿದಿರಿನ ಕಣಿಲೆ) ಕರಿ ಇದೆ, ಕುಮ್ಮು (ಅಣಬೆ) ಕರಿ ಇದೆ, ಕೆಂಬು (ಕೆಸುವು) ಕರಿ ಇದೆ. ಅವನ್ನೂ ಮಾಡಿ. ಆದರೆ ನೆಂಟರು ಕೇಳಿಕೊಂಡು ಬಂದಿರುವುದು ಆ ಕಪ್ಪು ಗೊಜ್ಜಿನ ರುಚಿಯನ್ನು, ಅಲ್ವಾ? ಅದನ್ನೇ ಹಂದಿ ಇಲ್ಲದೆ ಕೊಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಮಾತು ತಿಳಿದುಕೊಳ್ಳಿ. ಮಾಂಸದ ನಕಲು ಮಾಡಲು ಹೋಗಬೇಡಿ. ಪಂದಿ ಕರಿಯ ರುಚಿ ನಿಂತಿರುವುದು ಮೂರರ ಮೇಲೆ: ಕಪ್ಪಗೆ ಹುರಿದ ಮಸಾಲೆ, ಕಾಚಂಪುಳಿ (ಹಣ್ಣಿನ ರಸ ಬತ್ತಿಸಿದ ಕಪ್ಪು ಹುಳಿ), ಮತ್ತು ಕೊಬ್ಬಿನ ಜಿಡ್ಡು. ಮೊದಲಿನ ಎರಡು ಹೇಗೂ ಗಿಡಮರದಿಂದ ಬಂದವೇ. ಮೂರನೆಯದಕ್ಕೆ ಮಾತ್ರ ದಾರಿ ಹುಡುಕಬೇಕು. ಇದು ಮರೆತವರು ಸೋಯಾ ಉಂಡೆ ತಂದು ನೆನೆಸಿ, ಹಿಂಡಿ, ಏನೇನೋ ಮಾಡುತ್ತಾರೆ. ಕೊನೆಗೆ ಸೋಯಾ ವಾಸನೆಯೇ ಮೇಲಾಗುತ್ತದೆ. ನನಗಂತೂ ಅದು ಸೇರುವುದಿಲ್ಲ.

1. ಮೊದಲು ಕೇಳಿ

ಸಾಮಾನು ತರುವ ಮುಂಚೆ ನೆಂಟರಿಗೆ ಒಂದು ಫೋನ್ ಮಾಡಿ. ಸಸ್ಯಾಹಾರಿ ಅಂದಮಾತ್ರಕ್ಕೆ ಎಲ್ಲರೂ ಒಂದೇ ಥರ ಅಲ್ಲ. ಈರುಳ್ಳಿ, ಬೆಳ್ಳುಳ್ಳಿ ತಿನ್ನುತ್ತಾರಾ? ಅಣಬೆ ಆಗುತ್ತದಾ? ಅಣಬೆ ಮುಟ್ಟದ ಸಸ್ಯಾಹಾರಿಗಳು ತುಂಬ ಜನ ಇದ್ದಾರೆ. ಜೈನರಾದರೆ ನೆಲದೊಳಗೆ ಬೆಳೆಯುವ ಗಡ್ಡೆ ತಿನ್ನದಿರಬಹುದು, ಹಸಿ ಶುಂಠಿಯೂ ಅದರಲ್ಲಿ ಸೇರುತ್ತದೆ. ಹಾಲು, ತುಪ್ಪವನ್ನೂ ಬಿಟ್ಟವರು ಈಗ ಇದ್ದಾರೆ. ಖಾರ ಎಷ್ಟು ತಡೆಯುತ್ತಾರೆ ಅನ್ನುವುದನ್ನೂ ಕೇಳಿಬಿಡಿ. ನಮ್ಮ ಕರಿಮೆಣಸಿನ ಲೆಕ್ಕ ಬಯಲುಸೀಮೆಯವರಿಗೆ ಒಮ್ಮೊಮ್ಮೆ ಜಾಸ್ತಿಯಾಗುತ್ತದೆ.

ಇದು ಕೇಳಲು ಸಂಕೋಚ ಬೇಡ. ಎಲೆ ಮುಂದೆ ಕೂತ ಮೇಲೆ "ಇದರಲ್ಲಿ ಬೆಳ್ಳುಳ್ಳಿ ಇದೆಯಾ?" ಅಂತ ಅವರು ಕೇಳುವುದು ಇನ್ನೂ ಸಂಕೋಚದ ವಿಷಯ.

2. ಪಾತ್ರೆ ಬೇರೆ ಮಾಡಿ

ಎಡವುವವರು ಜಾಸ್ತಿ ಎಡವುವುದು ಇಲ್ಲೇ. ಹಂದಿ ಬೇಯಿಸಿ ಬೇಯಿಸಿ ಪಳಗಿದ ಮಣ್ಣಿನ ಮಡಕೆ ಎಷ್ಟು ತೊಳೆದರೂ ಜಿಡ್ಡು ಬಿಡುವುದಿಲ್ಲ, ಅದರ ಗುಣವೇ ಅದು. ಮರದ ಹಲಗೆ, ಮರದ ಸೌಟು ಕೂಡ ಹಾಗೆಯೇ. ಈ ಅಡುಗೆಗೆ ಸ್ಟೀಲ್ ಪಾತ್ರೆ ಅಥವಾ ಹೊಸ ಮಡಕೆ ಇಟ್ಟುಕೊಳ್ಳಿ. ಅಲ್ಯೂಮಿನಿಯಂ ಬೇಡ, ಕಾಚಂಪುಳಿಯ ಹುಳಿಗೆ ಅದು ಆಗಿಬರುವುದಿಲ್ಲ.

ಮಸಾಲೆ ಡಬ್ಬಿಯ ಕಡೆಗೂ ಗಮನ ಕೊಡಿ. ಮಾಂಸ ಕಲಸಿದ ಕೈಯಲ್ಲೇ ಡಬ್ಬಿಗೆ ಚಮಚ ಹಾಕುವುದು ಎಲ್ಲರ ಮನೆಯಲ್ಲೂ ನಡೆಯುತ್ತದೆ. ಸಸ್ಯಾಹಾರಿ ಅಡುಗೆಗೆ ಮಸಾಲೆ ಹೊಸದಾಗಿ ಹುರಿದುಕೊಳ್ಳುವುದೇ ಒಳ್ಳೆಯದು. ಅಂಗಡಿಯ ಪೊಟ್ಟಣವಾದರೆ ಹಸಿರು ಚುಕ್ಕಿ ಇದೆಯಾ ನೋಡಿ, ಪೊಟ್ಟಣ ಹೊಸದಾಗಿ ಒಡೆಯಿರಿ.

ಒಂದೇ ದಿನ ಎರಡೂ ಕರಿ ಆಗಬೇಕಿದ್ದರೆ ತರಕಾರಿಯದ್ದನ್ನು ಮೊದಲು ಮಾಡಿ ಮುಚ್ಚಿ ದೂರ ಇಡಿ. ಎರಡೂ ನೋಡಲು ಒಂದೇ ಬಣ್ಣ. ಒಂದು ಹಬ್ಬದಲ್ಲಿ ನಮ್ಮನೆಯಲ್ಲೇ ಸಹಾಯಕ್ಕೆ ಬಂದವರೊಬ್ಬರು ಹಂದಿಯ ಸೌಟನ್ನು ಹಲಸಿನ ಪಾತ್ರೆಗೆ ಅದ್ದಿಬಿಟ್ಟರು. ಅಷ್ಟೂ ಕರಿ ನಾವೇ ತಿಂದೆವು, ನೆಂಟರಿಗೆ ಮೊಸರನ್ನ ಆಯಿತು. ಆಮೇಲಿಂದ ತರಕಾರಿ ಪಾತ್ರೆಯ ಸೌಟಿಗೆ ಒಂದು ಬಿಳಿ ದಾರ ಕಟ್ಟುತ್ತೇನೆ. ಇದುವರೆಗೆ ಅದಲುಬದಲಾಗಿಲ್ಲ.

3. ಹಂದಿಯ ಜಾಗಕ್ಕೆ ಏನು?

ನನ್ನ ಮೊದಲ ಆಯ್ಕೆ ಎಳೆ ಹಲಸು. ಮಂಗಳೂರು ಕಡೆ ಇದಕ್ಕೆ ಗುಜ್ಜೆ ಅನ್ನುತ್ತಾರೆ. ನಾರು ನಾರಾಗಿರುತ್ತದೆ, ಮಸಾಲೆ ಹೀರುತ್ತದೆ, ತನ್ನದೇ ರುಚಿ ಅಂತ ಗಲಾಟೆ ಮಾಡುವುದಿಲ್ಲ. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಿದ್ದಾಗಲೇ ಕಿತ್ತದ್ದು ಬೇಕು. ಕೊಯ್ದಾಗ ಒಳಗಿನ ಬೀಜಕ್ಕೆ ಗಟ್ಟಿ ಸಿಪ್ಪೆ ಬಂದಿದ್ದರೆ ಅದು ಬಲಿತಿದೆ. ಪಲ್ಯಕ್ಕೆ ಆದೀತು, ಇದಕ್ಕೆ ಬೇಡ.

ಕಷ್ಟ ಏನೆಂದರೆ ಎಳೆ ಹಲಸು ಸಿಗುವುದು ಬೇಸಿಗೆ ಬರುವ ಹೊತ್ತಿಗೆ. ಕೈಲ್ ಮುಹೂರ್ತ ಬರುವುದು ಸೆಪ್ಟೆಂಬರಿನಲ್ಲಿ. ಆಗ ಮರದಲ್ಲಿ ಎಳೆಕಾಯಿ ಎಲ್ಲಿರುತ್ತದೆ? ಮಾರ್ಚ್ ತಿಂಗಳಲ್ಲಿ ಹೆಚ್ಚಿ, ಅರೆ ಬೇಯಿಸಿ, ನೀರು ಬಸಿದು ಫ್ರೀಜರಿನಲ್ಲಿ ಇಟ್ಟುಕೊಂಡರೆ ಚಿಂತೆಯಿಲ್ಲ. ಉಪ್ಪುನೀರಿನಲ್ಲಿ ಹಾಕಿದ ಡಬ್ಬಿಯ ಹಲಸೂ ಆಗುತ್ತದೆ. ಅದನ್ನು ಎರಡು ಮೂರು ಸಲ ತೊಳೆದು ಹಿಂಡಬೇಕು, ಇಲ್ಲವಾದರೆ ಕರಿ ಉಪ್ಪಾಗುತ್ತದೆ.

ಇವೆರಡೂ ಇಲ್ಲವೆಂದರೆ ಸುವರ್ಣಗಡ್ಡೆ ಅಥವಾ ಅಂಗಡಿಯ ಅಣಬೆ. ಗಡ್ಡೆ ಹೆಚ್ಚುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳಿ, ತುರಿಕೆ ಬರುತ್ತದೆ. ಹುಣಸೆ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿ. ಅಣಬೆಯಾದರೆ ಚಿಪ್ಪಣಬೆ ಒಳ್ಳೆಯದು, ಗುಂಡಣಬೆ ನೀರು ಜಾಸ್ತಿ ಬಿಡುತ್ತದೆ. ಮಳೆ ಬಿದ್ದ ಮೇಲೆ ತೋಟದಲ್ಲಿ ಏಳುವ ಕುಮ್ಮಿನ ರುಚಿಗೆ ಸಾಟಿಯಿಲ್ಲ. ಆದರೆ ಕಾಡಣಬೆಯಲ್ಲಿ ವಿಷದ್ದೂ ಇರುತ್ತದೆ. ಮನೆಯಲ್ಲಿ ಗುರುತು ಹಿಡಿಯಬಲ್ಲ ಹಿರಿಯರಿಲ್ಲದೆ ಕಿತ್ತು ತಂದು ನೆಂಟರ ಮೇಲೆ ಪ್ರಯೋಗ ಮಾಡಬೇಡಿ.

ಕೆಳಗಿನ ಅಳತೆ ಹಲಸಿಗೆ, ಐದಾರು ಜನಕ್ಕೆ.

4. ಏನೇನು ಬೇಕು

ಒಂದೂವರೆ ಕಿಲೋದಷ್ಟು ಎಳೆ ಹಲಸು. ಸಿಪ್ಪೆ, ಮೇಣ ಎಲ್ಲ ಹೋಗಿ ಹೆಚ್ಚುಕಡಿಮೆ ಮುಕ್ಕಾಲು ಕಿಲೋ ಉಳಿಯುತ್ತದೆ.

ಹುರಿಯುವ ಮಸಾಲೆಗೆ: ಕೊತ್ತಂಬರಿ ಬೀಜ 3 ದೊಡ್ಡ ಚಮಚ, ಜೀರಿಗೆ 1 ದೊಡ್ಡ ಚಮಚ, ಕರಿಮೆಣಸು 1 ದೊಡ್ಡ ಚಮಚ, ಸಾಸಿವೆ 1 ಸಣ್ಣ ಚಮಚ, ಮೆಂತ್ಯ ಕಾಲು ಸಣ್ಣ ಚಮಚ, ಅಕ್ಕಿ 1 ದೊಡ್ಡ ಚಮಚ.

ರುಬ್ಬಲು: ಮಧ್ಯಮ ಗಾತ್ರದ ಈರುಳ್ಳಿ 3, ಬೆಳ್ಳುಳ್ಳಿ 12 ಎಸಳು, ಎರಡು ಇಂಚು ಶುಂಠಿ, ಹಸಿಮೆಣಸಿನಕಾಯಿ 4. ಗಾಂಧಾರಿ ಮೆಣಸು (ಸೂಜಿಮೆಣಸು) ಇದ್ದರೆ ಬಹಳ ಚೆನ್ನ, ಆದರೆ ನೆಂಟರ ಬಾಯಿ ನೋಡಿಕೊಂಡು ಹಾಕಿ.

ಉಳಿದದ್ದು: ಅರಿಶಿನ ಅರ್ಧ ಸಣ್ಣ ಚಮಚ, ಅಚ್ಚಖಾರದ ಪುಡಿ 1 ಸಣ್ಣ ಚಮಚ, ಎರಡು ಕಡ್ಡಿ ಕರಿಬೇವು, ಉಪ್ಪು, ಎಣ್ಣೆ 6 ದೊಡ್ಡ ಚಮಚ, ಕಾಚಂಪುಳಿ 2 ಸಣ್ಣ ಚಮಚ. ತೆಂಗಿನಕಾಯಿ ಬೇಡ. ತರಕಾರಿ ಅಂದ ಕೂಡಲೇ ಕಾಯಿ ರುಬ್ಬಲು ಕೈ ಹೋಗುತ್ತದೆ, ತಡೆದುಕೊಳ್ಳಿ. ಕಾಯಿ ಹಾಕಿದರೆ ಅದು ಒಳ್ಳೆಯ ಹಲಸಿನ ಗಸಿಯಾದೀತು, ಪಂದಿ ಕರಿಯ ದಾರಿ ಅಲ್ಲ.

ಕಾಚಂಪುಳಿ ಅಂದರೆ ಏನು ಅಂತ ಜಿಲ್ಲೆಯ ಹೊರಗಿನವರು ಕೇಳುತ್ತಾರೆ. ನಮ್ಮ ಪಣಪುಳಿ ಮರದ ಹಣ್ಣು ಮಳೆಗಾಲದಲ್ಲಿ ಮಾಗಿ ಉದುರುತ್ತದೆ. ಬುಟ್ಟಿಯಲ್ಲಿ ತುಂಬಿ ಕೆಳಗೆ ಪಾತ್ರೆ ಇಟ್ಟರೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಗಂಟೆಗಟ್ಟಲೆ ಕಾಯಿಸಿ ಬತ್ತಿಸಿದರೆ ಕಪ್ಪಗಿನ, ಗಟ್ಟಿ ಹುಳಿ ಸಿಗುತ್ತದೆ. ಅದೇ ಕಾಚಂಪುಳಿ. ವರ್ಷಗಟ್ಟಲೆ ಕೆಡುವುದಿಲ್ಲ. "ಇದರಲ್ಲಿ ಮಾಂಸದ್ದೇನಾದರೂ ಇದೆಯಾ?" ಅಂತ ನೆಂಟರು ಕೇಳಿದರೆ ಧೈರ್ಯವಾಗಿ ಇಲ್ಲ ಅನ್ನಿ, ಬರೀ ಹಣ್ಣಿನ ರಸ.

ಸಿಗದಿದ್ದರೆ? ಉತ್ತರ ಕನ್ನಡದವರ ಉಪ್ಪಗೆ, ಕೇರಳದವರ ಕೊಡಂಪುಳಿ ಇದೇ ಮರದ ಹಣ್ಣಿನ ಒಣಸಿಪ್ಪೆ. ನಾಲ್ಕೈದು ಚೂರು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರನ್ನು ಎರಡು ಮೂರು ಚಮಚಕ್ಕೆ ಬರುವವರೆಗೆ ಕುದಿಸಿ ಬತ್ತಿಸಿ. ಒಣಗಿಸುವಾಗಿನ ಹೊಗೆ ವಾಸನೆ ಸ್ವಲ್ಪ ಇರುತ್ತದೆ, ಆದರೆ ಈ ಅಡುಗೆಗೆ ಅದು ತೊಂದರೆ ಕೊಡುವುದಿಲ್ಲ. ಅದೂ ಇಲ್ಲದಿದ್ದರೆ ಗಟ್ಟಿ ಹುಣಸೆ ರಸ. ನಿಂಬೆ ಬೇಡ, ರುಚಿಯೇ ಬೇರೆ ಕಡೆ ಹೋಗುತ್ತದೆ.

5. ಹಲಸು ಹೆಚ್ಚಿ ಅರೆ ಬೇಯಿಸಿ

ಕೆಳಗೆ ಹಳೇ ಪೇಪರ್ ಹಾಸಿ. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಹಚ್ಚಿ, ಇಲ್ಲವಾದರೆ ಮೇಣ ಹಿಡಿದು ಕೂರುತ್ತದೆ. ಮುಳ್ಳು ಸಿಪ್ಪೆಯನ್ನು ದಪ್ಪಗೆ ತೆಗೆಯಿರಿ. ನಡುವಿನ ಗಟ್ಟಿ ದಿಂಡನ್ನೂ ತೆಗೆಯಿರಿ. ಒಂದೂವರೆ ಇಂಚಿನ ತುಂಡು ಮಾಡಿ, ಸ್ವಲ್ಪ ಮಜ್ಜಿಗೆ ಸೇರಿಸಿದ ನೀರಿಗೆ ಹಾಕುತ್ತಾ ಹೋಗಿ, ಕಪ್ಪಾಗುವುದಿಲ್ಲ. ಹಾಲು, ಮಜ್ಜಿಗೆ ಬಿಟ್ಟ ನೆಂಟರಾದರೆ ಅರಿಶಿನದ ನೀರು ಸಾಕು. ತುಂಡು ಸಣ್ಣದು ಮಾಡಬೇಡಿ, ಕೊನೆಗೆ ನಾರು ಮಾತ್ರ ಉಳಿಯುತ್ತದೆ.

ಉಪ್ಪು, ಅರಿಶಿನ ಹಾಕಿ ಕುಕ್ಕರಿನಲ್ಲಿ ಒಂದು ಕೂಗು. ತೆರೆದ ಪಾತ್ರೆಯಾದರೆ ಹದಿನೈದು ನಿಮಿಷ ಆಗಬಹುದು. ಕಡ್ಡಿ ಚುಚ್ಚಿದರೆ ಒಳಗೆ ಹೋಗಬೇಕು, ಆದರೆ ಸ್ವಲ್ಪ ತಡೆಯಬೇಕು. ಮೆತ್ತಗಾದರೆ ಮುಂದೆ ಗೊಜ್ಜಿನಲ್ಲಿ ಕರಗಿಹೋಗುತ್ತದೆ. ನೀರು ಪೂರ್ತಿ ಬಸಿದು ಹತ್ತು ನಿಮಿಷ ಬಟ್ಟೆಯ ಮೇಲೆ ಹರಡಿ. ನಂತರ ಅಚ್ಚಖಾರದ ಪುಡಿ, ಅರ್ಧ ಚಮಚ ಉಪ್ಪು, ಚಿಟಿಕೆ ಕರಿಮೆಣಸಿನ ಪುಡಿ ಹಚ್ಚಿ ಅರ್ಧ ಗಂಟೆ ಬಿಡಿ.

6. ಮಸಾಲೆ ಹುರಿಯಿರಿ

ಎಲ್ಲದಕ್ಕಿಂತ ಮುಖ್ಯವಾದ ಹಂತ ಇದು, ಆತುರ ಬೇಡ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಣ್ಣೆ ಇಲ್ಲ. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ, ಯಾಕೆಂದರೆ ಜೀರಿಗೆ ಕಪ್ಪಾಗುವ ಹೊತ್ತಿಗೆ ಕೊತ್ತಂಬರಿ ಇನ್ನೂ ಬಿಸಿಯೂ ಆಗಿರುವುದಿಲ್ಲ. ಮೊದಲು ಕೊತ್ತಂಬರಿ, ಆಮೇಲೆ ಮೆಣಸು, ಆಮೇಲೆ ಜೀರಿಗೆ, ಕೊನೆಗೆ ಸಾಸಿವೆ, ಮೆಂತ್ಯ. ಅಕ್ಕಿಯನ್ನು ಉಬ್ಬಿ ಕಂದಾಗುವವರೆಗೆ ಹುರಿದುಕೊಳ್ಳಿ.

ಎಷ್ಟು ಕಪ್ಪಾಗಬೇಕು? ಕಾಫಿ ಹುರಿದು ಗೊತ್ತಿದ್ದವರಿಗೆ ಹೇಳುವುದು ಸುಲಭ. ಕೊತ್ತಂಬರಿ ಚೆನ್ನಾಗಿ ಹುರಿದ ಕಾಫಿ ಬೀಜದ ಬಣ್ಣಕ್ಕೆ ಬರಬೇಕು, ಇದ್ದಿಲಿನ ಬಣ್ಣಕ್ಕೆ ಅಲ್ಲ. ಹೊಗೆ ತೆಳ್ಳಗೆ ಏಳಲು ಶುರುವಾದ ಕೂಡಲೇ ಬಾಣಲೆ ಇಳಿಸಿ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಆ ಬಿಸಿಗೇ ಇನ್ನೂ ಹುರಿಯುತ್ತಾ ಹೋಗುತ್ತದೆ. ಒಂದು ಕಾಳು ಕಚ್ಚಿ ನೋಡಿ. ಸುಟ್ಟ ಕಹಿ ಇದ್ದರೆ ಅದನ್ನು ಚೆಲ್ಲಿ ಹೊಸದಾಗಿ ಹುರಿಯಿರಿ. ಹಂದಿಯ ಕೊಬ್ಬು ಸ್ವಲ್ಪ ಕಹಿಯನ್ನು ಮುಚ್ಚಿಕೊಳ್ಳುತ್ತದೆ, ಹಲಸು ಮುಚ್ಚುವುದಿಲ್ಲ. ಕಡಿಮೆ ಹುರಿದರೂ ಕಷ್ಟ: ಕರಿ ಕಂದು ಬಣ್ಣಕ್ಕೆ ನಿಂತು ಮಾಮೂಲಿ ತರಕಾರಿ ಸಾಗುವಿನ ಹಾಗೆ ಆಗುತ್ತದೆ.

ಆರಿದ ಮೇಲೆ ಎಲ್ಲ ಸೇರಿಸಿ ನುಣ್ಣಗೆ ಪುಡಿ ಮಾಡಿ. ಅಕ್ಕಿ ಯಾಕೆ ಅಂತ ಕೇಳುತ್ತೀರಿ. ಹಂದಿ ಬೆಂದಾಗ ಅದರ ಚರ್ಮ, ಕೊಬ್ಬಿನಿಂದಲೇ ಗೊಜ್ಜು ಗಟ್ಟಿಯಾಗುತ್ತದೆ. ಹಲಸಿಗೆ ಆ ಗುಣ ಇಲ್ಲ. ಹುರಿದ ಅಕ್ಕಿ ಅಷ್ಟರಮಟ್ಟಿಗೆ ಕೈ ಹಿಡಿಯುತ್ತದೆ.

7. ಜಿಡ್ಡಿನ ಕೆಲಸ

ಹಂದಿಯಾದರೆ ತನ್ನ ಕೊಬ್ಬಿನಲ್ಲೇ ತಾನು ಬೇಯುತ್ತದೆ. ಇಲ್ಲಿ ನಾವೇ ಕೊಡಬೇಕು. ಆರು ಚಮಚ ಎಣ್ಣೆ ನೋಡಿ ಹೆದರಬೇಡಿ. ಎರಡು ಪಾಲು ಸಾದಾ ಎಣ್ಣೆ, ಒಂದು ಪಾಲು ಕೊಬ್ಬರಿ ಎಣ್ಣೆ ಬೆರೆಸಿದರೆ ಹದವಾಗಿರುತ್ತದೆ. ಪೂರ್ತಿ ಕೊಬ್ಬರಿ ಎಣ್ಣೆಯಾದರೆ ಅದರ ಪರಿಮಳವೇ ಮೇಲಾಗುತ್ತದೆ.

ನಾಲ್ಕು ಚಮಚ ಎಣ್ಣೆ ಕಾಯಿಸಿ, ಹಲಸಿನ ತುಂಡುಗಳನ್ನು ಒಂದೇ ಪದರದಲ್ಲಿ ಹರಡಿ. ಕೈ ಆಡಿಸುತ್ತಾ ಇರಬೇಡಿ. ಒಂದು ಕಡೆ ಕೆಂಪಾಗಿ ಅಂಚು ಗರಿಯಾದ ಮೇಲೆ ಮಗುಚಿ. ಪಾತ್ರೆ ಸಣ್ಣದಿದ್ದರೆ ಎರಡು ಸಲ ಮಾಡಿ. ಈ ಹಂತ ಬಿಟ್ಟವರೇ "ಬೇಯಿಸಿದ ತರಕಾರಿ ಥರ ಸಪ್ಪೆ ಆಯ್ತು" ಅನ್ನುವುದು. ಹುರಿದ ತುಂಡುಗಳನ್ನು ಬೇರೆ ತೆಗೆದಿಡಿ.

8. ಕರಿ ಕೂಡಿಸಿ

ಅದೇ ಪಾತ್ರೆಗೆ ಉಳಿದ ಎಣ್ಣೆ, ಕರಿಬೇವು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸನ್ನು ತರಿತರಿಯಾಗಿ ರುಬ್ಬಿ ಹಾಕಿ. ನೀರಾಗಿ ರುಬ್ಬಬೇಡಿ. ಹಸಿ ವಾಸನೆ ಪೂರ್ತಿ ಹೋಗಿ, ಬಣ್ಣ ತಿರುಗಿ, ಅಂಚಿನಲ್ಲಿ ಎಣ್ಣೆ ಕಾಣಬೇಕು. ಹನ್ನೆರಡರಿಂದ ಹದಿನೈದು ನಿಮಿಷ ಹಿಡಿಯುತ್ತದೆ.

ಈಗ ಹಲಸು ಹಾಕಿ, ಎರಡು ಲೋಟ ಬಿಸಿನೀರು ಹಾಕಿ. ತಣ್ಣೀರು ಬೇಡ. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ಹುರಿದ ಮಸಾಲೆ ಪುಡಿಯಲ್ಲಿ ಮುಕ್ಕಾಲು ಭಾಗ ಹಾಕಿ, ಉಪ್ಪು ನೋಡಿ, ಇನ್ನೂ ಹತ್ತು ನಿಮಿಷ. ಗೊಜ್ಜು ತುಂಡಿಗೆ ಅಂಟಿಕೊಳ್ಳುವಷ್ಟು ಗಟ್ಟಿಯಾಗಬೇಕು. ತೆಳ್ಳಗಿದ್ದರೆ ಮುಚ್ಚಳ ತೆಗೆದು ಬತ್ತಿಸಿ. ಉಳಿದ ಪುಡಿಯನ್ನು ಬಣ್ಣ, ಖಾರ ನೋಡಿಕೊಂಡು ಸೇರಿಸಿ.

ಕಾಚಂಪುಳಿ ಕೊನೆಗೆ. ಒಂದು ಸಣ್ಣ ಚಮಚ ಹಾಕಿ, ಎರಡು ನಿಮಿಷ ಕುದಿಸಿ, ರುಚಿ ನೋಡಿ, ಬೇಕಾದರೆ ಇನ್ನೊಂದು. ಒಂದೊಂದು ಮನೆಯ ಕಾಚಂಪುಳಿಯ ಹುಳಿ ಒಂದೊಂದು ಥರ. ಬಾಟಲಿಯಿಂದ ನೇರ ಸುರಿಯುವ ಅಭ್ಯಾಸ ಇದ್ದರೆ ಈ ಒಂದು ದಿನ ಬಿಡಿ. ಹುಳಿ ಜಾಸ್ತಿಯಾದರೆ ಸರಿ ಮಾಡುವುದು ಕಷ್ಟ, ಒಂದು ಸಣ್ಣ ಚೂರು ಬೆಲ್ಲ ಸ್ವಲ್ಪ ಮಟ್ಟಿಗೆ ತಗ್ಗಿಸುತ್ತದೆ ಅಷ್ಟೆ. ಹಾಕಿದ ಕೂಡಲೇ ಕರಿಯ ಬಣ್ಣ ಇನ್ನೊಂದು ಸುತ್ತು ಗಾಢವಾಗುತ್ತದೆ. ಐದು ನಿಮಿಷ ಸಣ್ಣ ಉರಿಯಲ್ಲಿಟ್ಟು ಇಳಿಸಿ. ತುಪ್ಪ ತಿನ್ನುವವರಾದರೆ ಮೇಲೆ ಒಂದು ಚಮಚ ತುಪ್ಪ ಬಿಡಬಹುದು.

ಕನಿಷ್ಠ ಎರಡು ಗಂಟೆ ಮುಚ್ಚಿಡಿ. ಹಿಂದಿನ ರಾತ್ರಿಯೇ ಮಾಡಿಟ್ಟರೆ ಇನ್ನೂ ಒಳ್ಳೆಯದು. ಪಂದಿ ಕರಿ ಮಾರನೇ ದಿನ ರುಚಿಯಾಗುವ ಹಾಗೆ ಇದೂ ಆಗುತ್ತದೆ. ಹಲಸು ಉಪ್ಪು, ಹುಳಿ ಹೀರಲು ಸಮಯ ತೆಗೆದುಕೊಳ್ಳುತ್ತದೆ. ಹಾಗಾಗಿ ಬಡಿಸುವ ಮುಂಚೆ ಬಿಸಿ ಮಾಡಿ ಉಪ್ಪು ಮತ್ತೊಮ್ಮೆ ನೋಡಿ.

9. ಈರುಳ್ಳಿ, ಬೆಳ್ಳುಳ್ಳಿ ಬೇಡ ಅಂದರೆ

ಆಗಲೂ ಮಾಡಬಹುದು. ಎಣ್ಣೆಗೆ ಎರಡು ಚಿಟಿಕೆ ಇಂಗು, ಕರಿಬೇವು ಹಾಕಿ. ಶುಂಠಿಯನ್ನು ಒಂದೂವರೆ ಪಟ್ಟು ಮಾಡಿ. ಹಸಿ ಶುಂಠಿಯೂ ಬೇಡವಾದರೆ ಒಣಶುಂಠಿ ಪುಡಿ ಆಗುತ್ತದಾ ಅಂತ ಕೇಳಿ ಹಾಕಿ. ಹುರಿದ ಅಕ್ಕಿಯನ್ನು ಎರಡು ಚಮಚಕ್ಕೆ ಏರಿಸಿ, ಈರುಳ್ಳಿಯ ಗಟ್ಟಿತನ ಇಲ್ಲವಲ್ಲ. ನೀರು ಒಂದೂವರೆ ಲೋಟ ಸಾಕು. ರುಚಿ ಸ್ವಲ್ಪ ಚೂಪಾಗಿರುತ್ತದೆ, ಹಾಗಾಗಿ ಮೆಣಸು ಕಾಲು ಭಾಗ ಕಡಿಮೆ ಮಾಡಿ.

10. ಕಡಂಬುಟ್ಟು

ಇದಿಲ್ಲದೆ ಮೇಲಿನದೆಲ್ಲ ಅರ್ಧ. ಎರಡು ಲೋಟ ಅಕ್ಕಿ ತರಿಗೆ ನಾಲ್ಕು ಲೋಟ ನೀರು, ಉಪ್ಪು. ನೀರು ಕುದಿಯುವಾಗ ತರಿಯನ್ನು ಉದುರಿಸುತ್ತಾ ತಿರುವಿ, ಗಂಟಾಗಬಾರದು. ನೀರು ಇಂಗಿದ ಮೇಲೆ ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಡಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದಿ, ಕೈಗೆ ನೀರು ಮುಟ್ಟಿಸಿಕೊಂಡು ನಿಂಬೆಗಿಂತ ಸ್ವಲ್ಪ ದೊಡ್ಡ ಉಂಡೆ ಕಟ್ಟಿ. ಇಡ್ಲಿ ಪಾತ್ರೆಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ ಹಬೆ. ಆರಿದ ಮೇಲೆ ಉಂಡೆ ಕಟ್ಟಿದರೆ ಬಿರುಕು ಬಿಡುತ್ತದೆ. ತರಿ ತುಂಬ ಹಳೆಯದಾದರೆ ಅರ್ಧ ಲೋಟ ನೀರು ಜಾಸ್ತಿ ಕುಡಿಯುತ್ತದೆ.

ಉಂಡೆ ಕಟ್ಟುವವರು ಮಾಂಸದ ಕೆಲಸ ಮಾಡಿದವರಾಗಿರಬಾರದು, ಅಥವಾ ಕೈಯನ್ನು ಸೋಪಿನಲ್ಲಿ ತೊಳೆದಿರಬೇಕು. ನೆಂಟರಿಗೆ ಬೇಕಾದ ಉಂಡೆಗಳನ್ನು ಮೊದಲೇ ಬೇರೆ ಡಬ್ಬಿಗೆ ತೆಗೆದಿಡಿ. ಊಟದ ನಡುವೆ ಹಂದಿ ಗೊಜ್ಜು ಮುಟ್ಟಿದ ಕೈ ಅದೇ ಬುಟ್ಟಿಗೆ ಹೋಗುವುದು ತಪ್ಪಿದ್ದಲ್ಲ.

ಬಡಿಸುವಾಗ ನೆಂಟರನ್ನು ಬೇರೆ ಮೂಲೆಯಲ್ಲಿ ಕೂರಿಸಬೇಡಿ, ಅವರೇ ಬೇಕೆಂದು ಕೇಳಿದರೆ ಮಾತ್ರ. ಉಂಡೆಯನ್ನು ಮುರಿದು ಗೊಜ್ಜಿಗೆ ಅದ್ದಿ ತಿನ್ನಬೇಕು ಅಂತ ಹೇಳಿಕೊಡಿ, ಹೊಸಬರು ಅದನ್ನು ಇಡ್ಲಿ ಥರ ಚಮಚದಲ್ಲಿ ಕತ್ತರಿಸಲು ಹೋಗುತ್ತಾರೆ. ಪಕ್ಕದಲ್ಲಿ ಈರುಳ್ಳಿ ಚೂರು, ಒಂದು ಹೋಳು ನಿಂಬೆ. ಪಾತ್ರೆಯ ಮುಚ್ಚಳ ತೆಗೆಯುವ ಮುಂಚೆ "ಇದು ಹಲಸು, ಬೇರೆ ಪಾತ್ರೆಯಲ್ಲಿ ಮಾಡಿದ್ದು" ಅಂತ ನೀವೇ ಹೇಳಿಬಿಡಿ. ಆ ಬಣ್ಣ ನೋಡಿ ಪಾಪ ಹಲವರು ಕೈ ಹಿಂದೆ ತೆಗೆದದ್ದನ್ನು ನೋಡಿದ್ದೇನೆ.

ಉಳಿದರೆ ಫ್ರಿಜ್‌ನಲ್ಲಿಡಿ. ಮಾರನೇ ಬೆಳಿಗ್ಗೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಜೊತೆ ಬಿಸಿ ಮಾಡಿ ಇಡಿ. ನಮ್ಮನೆಯಲ್ಲಿ ಅಷ್ಟು ಹೊತ್ತಿಗೆ ಮಾಂಸ ತಿನ್ನುವವರೂ ಬಿಳಿ ದಾರದ ಸೌಟಿಗೇ ಕೈ ಹಾಕುತ್ತಾರೆ, ಹಾಗಾಗಿ ನೆಂಟರ ಪಾಲನ್ನು ಮೊದಲೇ ಎತ್ತಿಡುತ್ತೇನೆ.